ಡಾ॥ ಲೆಸ್ಲಿ ಕೋಲ್ಮನ್ ಮತ್ತು ಹೆಬ್ಬಾಳದ ಕೃಷಿ ಶಾಲೆ

ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿ ಹಾಗೂ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ರೈತ ಬಾಂಧವರು ಬಿತ್ತನೆ ಬೀಜ, ಮಣ್ಣು ಪರೀಕ್ಷೆ, ಸಸ್ಯ ಸಂರಕ್ಷಣೆ ಮುಂತಾದ ಸೇವೆಗಳಿಗಾಗಿ ಸಂಪರ್ಕಿಸುವ ಕೃಷಿ ಇಲಾಖೆಗೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಈ ಇಲಾಖೆಯನ್ನು ಕಟ್ಟಿ ಬೆಳೆಸಿದವರಲ್ಲಿ ಡಾ॥ ಲೆಸ್ಲಿ ಚಾರ್ಲ್ಸ್ ಕೋಲ್ಮನ್‌ರವರು ಅಗ್ರಗಣ್ಯರು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಹಾಗೂ ಕಾರ್ಯದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಹೆಬ್ಬಾಳದ ಪ್ರಯೋಗ ಕ್ಷೇತ್ರ

1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಸಮೀಪದ ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಗಳಿಗಾಗಿ ನೀಡಿದರು. ಕೃಷಿ ರಸಾಯನಶಾಸ್ತ್ರಜ್ಞರಾದ ಡಾ॥ ಲೆಹ್ಮನ್‌ರವರ ಮಾರ್ಗದರ್ಶನದಲ್ಲಿ ಅಲ್ಲಿ ಪ್ರಯೋಗ ಕ್ಷೇತ್ರವು ಆರಂಭವಾಯಿತು. ಆದರೆ ಪ್ರಯೋಗ ಕ್ಷೇತ್ರದ ಬೇಲಿಯೊಳಗೆ ದೊರೆತ ಫಲಿತಾಂಶವು ದೂರದ ಹಳ್ಳಿಯ ಹೊಲವನ್ನು ತಲುಪುವ ವ್ಯವಸ್ಥೆ ಇನ್ನೂ ರೂಪುಗೊಳ್ಳಬೇಕಾಗಿತ್ತು.

ಜನನ, ವಿದ್ಯಾಭ್ಯಾಸ ಮತ್ತು ನೇಮಕ

ಕೋಲ್ಮನ್‌ರವರು 1878ರಲ್ಲಿ ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸರ್ಕಾರವು ಅವರನ್ನು ಶಿಲೀಂಧ್ರಶಾಸ್ತ್ರ ಹಾಗೂ ಕೀಟಶಾಸ್ತ್ರ ತಜ್ಞರನ್ನಾಗಿ ನೇಮಿಸಿಕೊಂಡಿತು. ಆಗ ಅವರ ವಯಸ್ಸು ಕೇವಲ ಮೂವತ್ತು.

ಅಡಿಕೆಯ ಕೊಳೆರೋಗ

ಅವರ ಮುಂದೆ ಬಂದ ಮೊದಲ ದೊಡ್ಡ ಸಮಸ್ಯೆ ಮಲೆನಾಡಿನ ಅಡಿಕೆ ತೋಟಗಳ ಕೊಳೆರೋಗ. ಮುಂಗಾರು ಬಲಗೊಂಡ ನಂತರ ಎಳೆಯ ಕಾಯಿಗಳು ಕೊಳೆತು ಉದುರುತ್ತಿದ್ದವು. ವರ್ಷವಿಡೀ ಸಾಕಿದ ತೋಟದ ಫಸಲು ಕೆಲವೇ ವಾರಗಳಲ್ಲಿ ನೆಲ ಸೇರುತ್ತಿತ್ತು. ತೋಟವನ್ನೇ ನಂಬಿದ ಕುಟುಂಬಕ್ಕೆ ಆ ವರ್ಷ ಬೇರೆ ಆದಾಯವಿರುತ್ತಿರಲಿಲ್ಲ. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ರಕ್ಷಿಸುವುದು ರೈತರಲ್ಲಿದ್ದ ಸಾಂಪ್ರದಾಯಿಕ ಉಪಾಯವಾಗಿತ್ತು.

ಕೋಲ್ಮನ್‌ರವರು ಈ ರೋಗಕ್ಕೆ ಫೈಟಾಫ್ತೊರ ಎಂಬ ಗುಂಪಿಗೆ ಸೇರಿದ ಸೂಕ್ಷ್ಮ ಜೀವಿಯು ಕಾರಣವೆಂದು ಗುರುತಿಸಿ, 1910ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಫ್ರಾನ್ಸ್ ದೇಶದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಿಂದ ಬಳಕೆಗೆ ಬಂದಿದ್ದ ಬೋರ್ಡೊ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸುವ ವಿಧಾನವನ್ನು ಅವರು ಮೈಸೂರಿನಲ್ಲಿ ರೂಢಿಗೆ ತಂದರು. ಮೈಲುತುತ್ತ ಮತ್ತು ಸುಣ್ಣದಿಂದ ತಯಾರಾಗುವ ಈ ದ್ರಾವಣವು ಕಡಿಮೆ ಖರ್ಚಿನದು. ರೈತರೇ ತೋಟದಲ್ಲಿ ತಯಾರಿಸಿಕೊಳ್ಳಬಹುದಾದುದು. ಇಂದಿಗೂ 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ ಹಾಗೂ 100 ಲೀಟರ್ ನೀರಿನಿಂದ ಸಿದ್ಧಪಡಿಸುವ ಶೇಕಡ 1ರ ದ್ರಾವಣವನ್ನು ಅಡಿಕೆ ಬೆಳೆಗಾರರು ಮಳೆಗಾಲದಲ್ಲಿ ಬಳಸುತ್ತಿದ್ದಾರೆ. ಹಾಸನ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರನ್ನು ಕಾಡುವ ಅಂಗಮಾರಿ ರೋಗವೂ ಇದೇ ಫೈಟಾಫ್ತೊರ ಗುಂಪಿನ ಮತ್ತೊಂದು ಪ್ರಭೇದದಿಂದ ಬರುವಂತಹುದು ಎಂಬುದು ಇಲ್ಲಿ ಗಮನಾರ್ಹ.

ಜೋಳದ ಬೆಳೆಯನ್ನು ನಾಶಪಡಿಸುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯನ್ನೂ ಅವರು ಅಧ್ಯಯನ ಮಾಡಿದರು. ಅವರ ಗೌರವಾರ್ಥ ಆ ಕೀಟದ ಕುಲಕ್ಕೆ ಕೋಲ್ಮೇನಿಯ ಎಂಬ ವೈಜ್ಞಾನಿಕ ಹೆಸರನ್ನು ಇಡಲಾಗಿದೆ.

ಕೃಷಿ ಶಾಲೆಯ ಸ್ಥಾಪನೆ

ರೋಗಕ್ಕೆ ಪರಿಹಾರ ತಿಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ದ್ರಾವಣದ ಪ್ರಮಾಣ ತಪ್ಪಿದರೆ ಫಲವಿಲ್ಲ. ಮಳೆಗೆ ಮುಂಚೆ ಸಿಂಪಡಿಸದಿದ್ದರೆ ಖರ್ಚು ವ್ಯರ್ಥ. ಇದನ್ನು ರೈತರ ಭಾಷೆಯಲ್ಲಿ, ರೈತರ ತೋಟದಲ್ಲಿಯೇ ನಿಂತು ಮಾಡಿ ತೋರಿಸುವ ಸಿಬ್ಬಂದಿ ಬೇಕು. ಹೊರದೇಶದಿಂದ ಬಂದ ಒಬ್ಬ ತಜ್ಞರಿಂದ ಇಡೀ ಸಂಸ್ಥಾನದ ತೋಟಗಳನ್ನು ತಲುಪುವುದು ಅಸಾಧ್ಯವಾಗಿತ್ತು. ಸ್ಥಳೀಯ ಯುವಕರಿಗೆ ಕೃಷಿ ವಿಜ್ಞಾನದ ಶಿಕ್ಷಣ ನೀಡಬೇಕಾದ ಅಗತ್ಯ ಇದರಿಂದ ಸ್ಪಷ್ಟವಾಗುತ್ತದೆ.

1913ರಲ್ಲಿ ಹೆಬ್ಬಾಳದಲ್ಲಿ ಮೈಸೂರು ಕೃಷಿ ವಸತಿ ಶಾಲೆಯು ಕೋಲ್ಮನ್‌ರವರಿಂದ ಸ್ಥಾಪನೆಗೊಂಡಿತು. ಕೃಷಿಯಲ್ಲಿ ಲೈಸೆನ್ಷಿಯೇಟ್, ಅಂದರೆ ಎಲ್.ಎಜಿ. ಎಂಬ ಅರ್ಹತೆಯನ್ನು ಇಲ್ಲಿ ನೀಡಲಾಗುತ್ತಿತ್ತು. ಕುಂಞಿ ಕಣ್ಣನ್, ಎಂ.ಜೆ. ನರಸಿಂಹನ್ ಮೊದಲಾದ ಭಾರತೀಯ ವಿಜ್ಞಾನಿಗಳು ಇಲಾಖೆಯಲ್ಲಿ ಕೋಲ್ಮನ್‌ರವರೊಡನೆ ದುಡಿದು ಕೀಟ ಹಾಗೂ ಸಸ್ಯರೋಗ ಸಂಶೋಧನೆಯನ್ನು ಮುಂದುವರಿಸಿದರು.

ಕಾಫಿ ಮತ್ತು ಕಬ್ಬು

ಕೃಷಿ ನಿರ್ದೇಶಕರಾಗಿ ಕೋಲ್ಮನ್‌ರವರು, ನಡುವೆ ಕೆಲಕಾಲದ ಹೊರತು, 1934ರವರೆಗೆ ಸೇವೆ ಸಲ್ಲಿಸಿದರು. ಕಾಫಿಯ ಎಲೆ ತುಕ್ಕು ರೋಗದಿಂದ ಬೆಳೆಗಾರರು ಕಂಗೆಟ್ಟಿದ್ದ ಕಾಲದಲ್ಲಿ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವು ಆರಂಭವಾಯಿತು. ಅಲ್ಲಿ ಕೈಗೊಂಡ ತಳಿ ಅಭಿವೃದ್ಧಿ ಕಾರ್ಯದಿಂದ ಮುಂದೆ ಎಸ್. 795 ಎಂಬ ಅರೇಬಿಕಾ ತಳಿ ಹೊರಬಂದಿತು. ಸಕಲೇಶಪುರ, ಬೇಲೂರು ಸೀಮೆಯ ಬೆಳೆಗಾರರಿಗೆ ಈ ಹೆಸರು ಚಿರಪರಿಚಿತ. ಕೃಷ್ಣರಾಜಸಾಗರದ ನಾಲೆಯ ನೀರು ಮಂಡ್ಯ ಭಾಗಕ್ಕೆ ಹರಿದಾಗ ಅಲ್ಲಿ ಕಬ್ಬಿನ ಬೆಳೆಯನ್ನು ವಿಸ್ತರಿಸುವಲ್ಲಿ ಹಾಗೂ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯ ಸ್ಥಾಪನೆಯಲ್ಲಿ ಅವರ ಪಾತ್ರ ಪ್ರಮುಖವಾದುದು.

ನಿವೃತ್ತಿಯ ನಂತರ ಸ್ವದೇಶಕ್ಕೆ ಮರಳಿದ ಕೋಲ್ಮನ್‌ರವರು 1954ರಲ್ಲಿ ನಿಧನರಾದರು.

ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ

ಹೆಬ್ಬಾಳದ ಶಾಲೆಯು 1946ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಕಾಲೇಜಾಗಿ ಮೇಲ್ದರ್ಜೆಗೇರಿ, ಬಿ.ಎಸ್ಸಿ. (ಕೃಷಿ) ಪದವಿ ಶಿಕ್ಷಣವನ್ನು ಆರಂಭಿಸಿತು. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಅಸ್ತಿತ್ವಕ್ಕೆ ಬಂದಿತು. ಹಾಸನದ ಕಾರೆಕೆರೆಯಲ್ಲಿರುವ ಕೃಷಿ ಮಹಾವಿದ್ಯಾಲಯವೂ ಇದೇ ಪರಂಪರೆಗೆ ಸೇರಿದುದಾಗಿದೆ.

ಸಂಶೋಧನೆಯ ಫಲವು ರೈತರ ಹೊಲದಲ್ಲಿ ಕಾಣಿಸದ ಹೊರತು ಅದು ಪೂರ್ಣಗೊಂಡಂತಲ್ಲ ಎಂಬುದನ್ನು ಕೋಲ್ಮನ್‌ರವರ ಸೇವೆಯು ತೋರಿಸಿಕೊಟ್ಟಿದೆ. ಹೋಬಳಿ ಮಟ್ಟದಲ್ಲಿ ಕಾರ್ಯನಿರ್ವಹಿಸುತ್ತಿರುವ ರೈತ ಸಂಪರ್ಕ ಕೇಂದ್ರಗಳ ಉದ್ದೇಶವೂ ಇದೇ ಆಗಿದೆ. ಬೆಳೆಯಲ್ಲಿ ರೋಗ ಅಥವಾ ಕೀಟದ ಲಕ್ಷಣ ಕಂಡಲ್ಲಿ ರೈತರು ವಿಳಂಬ ಮಾಡದೆ, ಬಾಧಿತ ಎಲೆ ಅಥವಾ ಕಾಯಿಯ ಮಾದರಿಯೊಂದಿಗೆ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ. ಅಡಿಕೆ, ತೆಂಗು ಹಾಗೂ ಆಲೂಗಡ್ಡೆ ಬೆಳೆಗಳಿಗೆ ಸಂಬಂಧಿಸಿದ ಸೇವೆಗಳಿಗೆ ತೋಟಗಾರಿಕೆ ಇಲಾಖೆಯನ್ನು, ಕಾಫಿ ಬೆಳೆಗೆ ಕಾಫಿ ಮಂಡಳಿಯನ್ನು ಸಂಪರ್ಕಿಸತಕ್ಕದ್ದು.