ಹೋದವನು ತಿರುಗಿ ಬಂದ

ನಾನು ತಿತಿಮತಿಯಲ್ಲಿ ಬೆಳೆಯುವಾಗ ಮೊಬೈಲ್ ಇರಲಿಲ್ಲ. ಈಗ ತಿಂಗಳಿಗೊಂದು ಹೊಸದು. ಇದರ ಮಧ್ಯೆ ನಾನು ಯಾರು ಅಂತ ಗೊಂದಲ ಆಗುತ್ತಾ? ಆನಂದರಾವ್ ಕೌಂಡಿನ್ಯರ ಜೀವನ ನೋಡಿ.

ಅವರು ಮಂಗಳೂರಿನ ಬ್ರಾಹ್ಮಣ ಹುಡುಗ. 1834ರಲ್ಲಿ ಬಾಸೆಲ್ ಮಿಷನ್ ಬಂತು. 1841ರಲ್ಲಿ ಕಲ್ಲಚ್ಚಿನ ಮುದ್ರಣ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ, ಮಂಗಳೂರು ಸಮಾಚಾರ. ಅವರ ಹದಿಹರೆಯದಲ್ಲೇ ಊರು ಬದಲಾಗಿಹೋಯ್ತು. ಮಿಷನ್ ಶಾಲೆಗೆ ಇಂಗ್ಲಿಷ್ ಕಲಿಯಲು ಹೋದವರು ಯೇಸುವನ್ನು ಕಂಡುಕೊಂಡರು. 1844ರಲ್ಲಿ ದೀಕ್ಷಾಸ್ನಾನ. ಊರಲ್ಲಿ ದೊಡ್ಡ ಗಲಾಟೆ. ಜಾತಿ, ಬಂಧುಗಳು ದೂರವಾದರು. ಆಮೇಲೆ ಹರ್ಮನ್ ಮೋಗ್ಲಿಂಗ್ ಜೊತೆ ಹಡಗು ಹತ್ತಿದರು. ಬಾಸೆಲ್‌ನಲ್ಲಿ ಓದಿ 1851ರಲ್ಲಿ ಪಾದ್ರಿಯಾದರು.

ಅವರು ಅಲ್ಲೇ ಉಳಿಯಲಿಲ್ಲ. ತನ್ನನ್ನು ಬಿಟ್ಟ ಮಂಗಳೂರಿಗೇ ಬಂದು ಯುವಕರಿಗೆ ಕಲಿಸಿದರು. ನಮ್ಮ ಕೊಡಗಿನ ಆನಂದಪುರದಲ್ಲಿ ಜೀತದಿಂದ ಬಂದ ಬಡ ವಿಶ್ವಾಸಿಗಳು ನೆಲೆಯಾಗಲು ದುಡಿದರು. ಬ್ರಾಹ್ಮಣ ಮನೆಯ ಮಗ ಅವರಿಗೆ ಅಣ್ಣನಾದ. 1893ರಲ್ಲಿ ತೀರಿಕೊಂಡರು.

ತಮ್ಮಂದಿರೇ, ತಂಗಿಯರೇ, ಕಾಲ ಅವರನ್ನೂ ಎಳೆಯಿತು. ಆದರೆ ಯಾರಿಗಾಗಿ ಬದುಕಬೇಕು ಅಂತ ತೀರ್ಮಾನಿಸಿದ್ದು ಕಾಲ ಅಲ್ಲ. ಬೆಂಗಳೂರಿಗೆ ಹೋಗಿ, ಕಲಿಯಿರಿ, ದುಡಿಯಿರಿ. ಕಲಿತದ್ದು ಯಾರ ಪಾಲಿಗೆ ಅಂತ ಈ ವಾರ ಮೊಣಕಾಲೂರಿ ಕೇಳಿ. ಆಮೆನ್.