ತರಗತಿ ಬಿಟ್ಟ ಶಿಕ್ಷಕಿ

ಎಂಟನೇ ತರಗತಿಗೆ ಮಕ್ಕಳ ಹಕ್ಕುಗಳ ಪಾಠ. ನಾನು ಎಗ್ಲಂಟೈನ್ ಜೆಬ್ ಅವರ ಬದುಕಿನಿಂದ ಶುರುಮಾಡಿದೆ. ಇಂಗ್ಲೆಂಡಿನ ಈಕೆ ನಮ್ಮಂತೆಯೇ ಶಿಕ್ಷಕ ತರಬೇತಿ ಪಡೆದವರು. ಆದರೆ ತರಗತಿ ತಮಗೆ ಒಗ್ಗದೆಂದು ಬೇಗನೆ ಬಿಟ್ಟವರು. (ಇದನ್ನು ಹೇಳುವಾಗ ನನ್ನ ದನಿ ತಗ್ಗಿತು.) ಮೊದಲ ಮಹಾಯುದ್ಧ ನಿಂತರೂ ದಿಗ್ಬಂಧನ ನಿಂತಿರಲಿಲ್ಲ, ಆಸ್ಟ್ರಿಯಾದ ಮಕ್ಕಳು ಹಸಿವಿನಿಂದ ನರಳುತ್ತಿದ್ದರು. 1919ರಲ್ಲಿ ಆ ಮಕ್ಕಳ ಚಿತ್ರವಿದ್ದ ಕರಪತ್ರಗಳನ್ನು ಲಂಡನ್ನಿನಲ್ಲಿ ಹಂಚಿ ಬಂಧನಕ್ಕೊಳಗಾದರು, ದಂಡವೂ ಬಿತ್ತು. ಅದೇ ವರ್ಷ ತಂಗಿ ಡೊರೊಥಿಯೊಂದಿಗೆ ‘ಸೇವ್ ದ ಚಿಲ್ಡ್ರನ್’ ನಿಧಿ ಕಟ್ಟಿದರು. ಅವರು ರೂಪಿಸಿದ ಮಕ್ಕಳ ಹಕ್ಕುಗಳ ಘೋಷಣೆಯನ್ನು ರಾಷ್ಟ್ರ ಸಂಘ 1924ರಲ್ಲಿ ಅಂಗೀಕರಿಸಿತು. 1928ರಲ್ಲಿ ಜಿನೀವಾದಲ್ಲಿ ತೀರಿಕೊಂಡರು.

ಶತ್ರು ದೇಶದ ಮಕ್ಕಳಿಗೆ ಯಾಕೆ ಅನ್ನ ಕೊಡಬೇಕು ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ನನ್ನ ಪಾಠಯೋಜನೆಯಲ್ಲಿ ಉತ್ತರವಿರಲಿಲ್ಲ. ಪ್ರಶ್ನೆಯನ್ನು ತರಗತಿಗೇ ಬಿಟ್ಟೆ. ಬೆಲ್ ಆದರೂ ಮಕ್ಕಳು ಏಳಲಿಲ್ಲ.