ಅರವತ್ನಾಲ್ಕು ಮನೆಗಳ ಅರಸು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಮಹನೀಯರೊಬ್ಬರ ಜೀವನ ಪರಿಚಯ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ನೆನಪಾದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನಾನು ಕೆಲಸದ ಬಿಡುವಿನಲ್ಲಿ ಕಂಪ್ಯೂಟರಿಗೆ ಚದುರಂಗ ಕಲಿಸುವ ಹವ್ಯಾಸದವನು. ಆ ಹವ್ಯಾಸವೇ ನನ್ನನ್ನು ಈ ಅರಸರ ಬಳಿಗೆ ಕರೆದೊಯ್ದಿತು.

ಮುಮ್ಮಡಿಯವರು ಹುಟ್ಟಿದ್ದು 1794ರ ಜುಲೈ 14ರಂದು. ಟಿಪ್ಪು ಸುಲ್ತಾನರು ಮಡಿದ 1799ರಲ್ಲೇ, ಇನ್ನೂ ಐದು ವರ್ಷದ ಬಾಲಕರಾಗಿದ್ದಾಗ, ಅವರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ರಾಣಿ ಲಕ್ಷ್ಮಮ್ಮಣ್ಣಿಯವರು ಪೋಷಕರಾಗಿ ನಿಂತರು, ದಿವಾನ್ ಪೂರ್ಣಯ್ಯನವರು ರಾಜ್ಯಭಾರ ನೋಡಿಕೊಂಡರು. ಪ್ರಾಯಕ್ಕೆ ಬಂದ ಮೇಲೆ ಅರಸರು ತಾವೇ ಆಳಿದರು. ಆದರೆ ನಗರ ಪ್ರಾಂತ್ಯದ ರೈತರ ದಂಗೆಯನ್ನು ಕಾರಣವಾಗಿ ತೋರಿಸಿ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡರು. ಸಿಂಹಾಸನ ಉಳಿಯಿತು, ಅಧಿಕಾರ ಹೋಯಿತು. ಆಗ ಅವರಿಗೆ ಮೂವತ್ತೇಳು ವರ್ಷ. ಇನ್ನೂ ಅಷ್ಟೇ ವರ್ಷಗಳನ್ನು ಅವರು ಹಾಗೆಯೇ ಕಳೆಯಬೇಕಾಯಿತು.

ಬೇರೆ ಯಾರಾದರೂ ಆಗಿದ್ದರೆ ಕೊರಗಿನಲ್ಲೇ ಸವೆದುಹೋಗುತ್ತಿದ್ದರು. ಇವರು 1833ರಲ್ಲಿ ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಅದೇ ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು. ಪಂಡಿತರಿಗೆ, ಕವಿಗಳಿಗೆ, ಚಿತ್ರಗಾರರಿಗೆ ಆಶ್ರಯ ಕೊಟ್ಟರು. ಒಂಬತ್ತು ನಿಧಿಗಳ ಶ್ರೀತತ್ತ್ವನಿಧಿ ಎಂಬ ಸಚಿತ್ರ ಗ್ರಂಥವನ್ನು ಮಾಡಿಸಿದರು. ಅದರ ಕೌತುಕನಿಧಿಯಲ್ಲಿ ಆಟಗಳಿಗೇ ಜಾಗ. ಗಂಜೀಫಾ ಎಲೆಗಳಲ್ಲಿ ಆಡುವ 13 ಬಗೆಯ ಆಟಗಳ ವಿವರ ಅಲ್ಲಿದೆ. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಯ ಮೇಲೂ ಆಟದ ಮಣೆಗಳನ್ನು ಬರೆಸಿದರು. ನಮ್ಮೂರ ಜಗಲಿಯ ಮೇಲೆ ಚೌಕಾಬಾರದ ಮನೆ ಕೊರೆದವರಿಗೆ ಇದು ಪರಕೀಯವೆನಿಸದು.

ಅವರ ಮನಸ್ಸು ಬಹಳವಾಗಿ ನಾಟಿದ್ದು ಚದುರಂಗದ ಕುದುರೆಯಲ್ಲಿ. ಕುದುರೆ ತನ್ನ ನಡೆಯಲ್ಲೇ ಸಾಗಿ 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಬೇಕು. ನಮ್ಮ ದೇಶಕ್ಕೆ ಇದು ಹಳೆಯ ವಿದ್ಯೆ; ಒಂಬತ್ತನೇ ಶತಮಾನದ ಕಾಶ್ಮೀರದ ರುದ್ರಟನ ಅಲಂಕಾರ ಗ್ರಂಥದಲ್ಲೇ ಇದರ ಪದ್ಯರೂಪವಿದೆ. ಮುಮ್ಮಡಿಯವರು ಇಂಥ ಸುತ್ತುಗಳನ್ನು ಸ್ವತಃ ಕಟ್ಟಿದರು.

ಇದರ ಕಷ್ಟ ನನಗೆ ತಿಳಿದದ್ದು ಪ್ರೋಗ್ರಾಮ್ ಬರೆಯಲು ಕೂತಾಗ. ಹೊರಟ ಮನೆಗೇ ಮರಳಬಲ್ಲಂಥ ಸುತ್ತುಗಳೇ 13 ಲಕ್ಷ ಕೋಟಿಗೂ ಹೆಚ್ಚಿವೆ. ಆದರೂ ಕಣ್ಣುಮುಚ್ಚಿ ನಡೆಸಿದರೆ ಕುದುರೆ ನಡುವೆಯೇ ಸಿಕ್ಕಿಬೀಳುತ್ತದೆ. ನಡುಮನೆಯಿಂದ ಎಂಟು ದಾರಿ, ಮೂಲೆಯಿಂದ ಎರಡೇ. 1823ರಲ್ಲಿ ವಾರ್ನ್ಸ್‌ಡಾರ್ಫ್ ಎಂಬ ಜರ್ಮನ್ ಒಂದು ಉಪಾಯ ಹೇಳಿದ: ಮುಂದಕ್ಕೆ ಅತಿ ಕಡಿಮೆ ದಾರಿ ಇರುವ ಮನೆಗೆ ಮೊದಲು ಹೋಗು. ಈ ಒಂದು ಸಾಲನ್ನು ಸೇರಿಸಿದರೆ ಕಂಪ್ಯೂಟರ್ ಕಣ್ಣುಮಿಟುಕಿಸುವಷ್ಟರಲ್ಲಿ ಸುತ್ತು ಮುಗಿಸುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅರಸರು ಈ ಕೆಲಸವನ್ನು ತಾಳ್ಮೆಯಿಂದಲೇ ಮಾಡಿದರು.

ಅದೇ ತಾಳ್ಮೆ ರಾಜ್ಯದ ವಿಷಯದಲ್ಲೂ ಕಂಡಿತು. ಗಂಡು ಸಂತಾನವಿಲ್ಲದ ಅರಸರ ನಂತರ ಮೈಸೂರು ಕಂಪನಿಯ ಪಾಲಾಗುವ ಭಯವಿತ್ತು. ಅವರು ಕತ್ತಿ ಹಿಡಿಯಲಿಲ್ಲ. ವರ್ಷಗಟ್ಟಲೆ ಅರ್ಜಿಯ ಮೇಲೆ ಅರ್ಜಿ ಕಳಿಸಿದರು. 1858ರಲ್ಲಿ ಕಂಪನಿ ಹೋಗಿ ರಾಣಿಯ ಸರ್ಕಾರ ಬಂದ ಮೇಲೂ ಬಿಡಲಿಲ್ಲ. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಲಂಡನ್ನಿನ ಸರ್ಕಾರ ಒಪ್ಪಿತು. 1868ರ ಮಾರ್ಚ್ 27ರಂದು ಅರಸರು ಕಣ್ಣುಮುಚ್ಚಿದರು. ರಾಜ್ಯ ಒಡೆಯರ ಮನೆಗೆ ಮರಳಿದ್ದು 1881ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಹೊಸೂರು ರಸ್ತೆಯ ಆಚೀಚೆ ಇಂದು ಕಂಪ್ಯೂಟರ್ ಕಂಪನಿಗಳು ಎದ್ದುನಿಂತಿವೆ. ಅಲ್ಲಿ ಕೆಲಸ ಸಿಗಲೆಂದು ಸಿಂಗಸಂದ್ರದ ಪ್ರತಿ ತಂದೆತಾಯಿಯೂ ಬಯಸುತ್ತಾರೆ, ಬಯಸಲಿ. ಶಾಲೆಯ ಮಕ್ಕಳಿಗೆ ನಾನು ಹೇಳುವುದಿಷ್ಟು: ಮೊದಲು ಹಾಳೆಯ ಮೇಲೆ 64 ಮನೆ ಬರೆದು, ಪೆನ್ಸಿಲ್ ಹಿಡಿದು ಕುದುರೆ ನಡೆಸಿ ನೋಡಿ. ಸಿಕ್ಕಿಬಿದ್ದರೆ ಅಳಿಸಿ ಮತ್ತೆ ಶುರುಮಾಡಿ. ಪ್ರೋಗ್ರಾಮ್ ಆಮೇಲೆ ಬರೆಯಬಹುದು.